ಪಿನಾಕದ ಕೆಳಗಿದ್ದ ಲಾರಿ

ಗಣರಾಜ್ಯೋತ್ಸವದ ಬೆಳಿಗ್ಗೆ ಅಕ್ಕನ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕರ್ತವ್ಯ ಪಥದ ಮೆರವಣಿಗೆ ನೋಡುತ್ತಿದ್ದೆ. ಸೇನೆಯ ರಾಕೆಟ್ ಉಡಾವಣಾ ವ್ಯವಸ್ಥೆ ಪಿನಾಕ ಬಂತು. ಅದು ಶಿವನ ಬಿಲ್ಲಿನ ಹೆಸರೆಂದೂ, 44 ಸೆಕೆಂಡುಗಳಲ್ಲಿ 12 ರಾಕೆಟ್‌ಗಳನ್ನು ಉಡಾಯಿಸುತ್ತದೆಂದೂ ವಿವರಣೆ ನೀಡುವವರು ಉತ್ಸಾಹದಿಂದ ಹೇಳಿದರು. ಅಷ್ಟನ್ನೂ ಬೆನ್ನ ಮೇಲೆ ಹೊತ್ತು ಸಾಗುತ್ತಿದ್ದ ಎಂಟು ಚಕ್ರದ ಲಾರಿಯ ಬಗ್ಗೆ ಮಾತ್ರ ಅವರ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಪ್ರತಿ ವರ್ಷವೂ ಹೀಗೆಯೇ. ಪ್ರತಿ ವರ್ಷವೂ ನನಗೆ ಸಿಟ್ಟು ಬರುತ್ತದೆ.

ಈ ಸಲ ಸಿಟ್ಟನ್ನು ನುಂಗಿಕೊಳ್ಳಲು ಸಾಧ್ಯವಾಗದಿದ್ದುದಕ್ಕೆ ಕಾರಣ ನಮ್ಮ ಭಾವನವರು. ಪಿನಾಕಕ್ಕೆ ಚಪ್ಪಾಳೆ ತಟ್ಟಿದ ಕೈಯಲ್ಲೇ ಮೊಬೈಲ್ ಎತ್ತಿಕೊಂಡು, "ಈ ಬಿಇಎಂಎಲ್ ಥರದ ಸರ್ಕಾರಿ ಕಾರ್ಖಾನೆಗಳನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೋ, ಮಾರಿ ಕೈತೊಳೆದುಕೊಳ್ಳಬಾರದೇ" ಎಂದರು. ಭಾವ, ನೀವೀಗ ಚಪ್ಪಾಳೆ ತಟ್ಟಿದ್ದು ಆ ಕಾರ್ಖಾನೆಯ ಲಾರಿಗೇ ಎಂದೆ. "ಹೌದಾ?" ಎಂದು ಕೇಳಿ ಇನ್ನೊಂದು ತುತ್ತು ಉಪ್ಪಿಟ್ಟು ಬಾಯಿಗಿಟ್ಟುಕೊಂಡರು. (ಅದೇ ಕಂಪನಿಯ ಷೇರು ಅವರ ಬಳಿ ಇದೆ. ಈ ಬರಹ ಅವರ ಕಣ್ಣಿಗೂ ಬೀಳುತ್ತದೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.)

ನನ್ನ ಅಪ್ಪ ಕೆಜಿಎಫ್‌ನ ಆ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದರು. 1964ರಲ್ಲಿ ಹುಟ್ಟಿದ ಈ ಕಂಪನಿ ಗಣಿಗಳಿಗೆ ಬುಲ್ಡೋಜರ್‌ಗಳನ್ನೂ ರೈಲ್ವೆಗೆ ಬೋಗಿಗಳನ್ನೂ ಮಾಡುತ್ತಿತ್ತು. 1986ರಲ್ಲಿ ಆಗಿನ ಜೆಕೊಸ್ಲೊವಾಕಿಯಾದೊಂದಿಗೆ ಒಪ್ಪಂದವಾದ ಮೇಲೆ ಟಟ್ರಾ ಲಾರಿಗಳು ಬಂದವು. ಮಾಮೂಲಿ ಲಾರಿಯಲ್ಲಿ ಎರಡು ಉದ್ದನೆಯ ಉಕ್ಕಿನ ತೊಲೆಗಳ ಮೇಲೆ ಎಲ್ಲವೂ ಕೂತಿರುತ್ತದೆ. ಟಟ್ರಾದಲ್ಲಿ ನಡುವೆ ಬೆನ್ನೆಲುಬಿನಂತೆ ಒಂದು ದಪ್ಪ ಕೊಳವೆ ಇದ್ದು, ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ ಅದರೊಳಗೇ ಹಾದುಹೋಗುತ್ತದೆ, ಮತ್ತು ಪ್ರತಿ ಚಕ್ರವೂ ಪಕ್ಕದ ಚಕ್ರದ ಹಂಗಿಲ್ಲದೆ ತನ್ನಷ್ಟಕ್ಕೆ ಏರಿಳಿಯುತ್ತದೆ. ಅಪ್ಪ ಇದನ್ನು ನನಗೆ ತಿಳಿಸಿಕೊಟ್ಟದ್ದು ಅಮ್ಮನ ಊದುಗೊಳವೆಯಿಂದ. ಅದನ್ನು ನೆಲದ ಮೇಲಿಟ್ಟು, ಎರಡೂ ಕೈಗಳ ಬೆರಳುಗಳನ್ನು ಅದರ ಅಕ್ಕಪಕ್ಕ ಊರಿ, ಒಂದೊಂದೇ ಬೆರಳನ್ನು ಮೇಲೆತ್ತಿ ಇಳಿಸುತ್ತಾ, "ಕಲ್ಲು ಸಿಕ್ಕಿದರೆ ಇದು ಮಾತ್ರ ಏಳುತ್ತದೆ, ಮೇಲಿನ ಸಾಮಾನು ಅಲುಗಾಡುವುದಿಲ್ಲ, ನೋಡು" ಎಂದಿದ್ದರು. ಎಂಜಿನ್ ತಣ್ಣಗಾಗುವುದು ಗಾಳಿಯಿಂದ. ಲಡಾಖಿನಲ್ಲಿ ಹೆಪ್ಪುಗಟ್ಟಲು, ರಾಜಸ್ಥಾನದ ಮರಳಿನಲ್ಲಿ ಕುದಿಯಲು ರೇಡಿಯೇಟರಿನ ನೀರೇ ಇಲ್ಲ. ಪಿನಾಕವಾಗಲಿ ಬ್ರಹ್ಮೋಸ್ ಕ್ಷಿಪಣಿಯಾಗಲಿ ಹಾರಬೇಕಾದ ಜಾಗಕ್ಕೆ ಮೊದಲು ತಲುಪಬೇಕಲ್ಲವೇ? ತಲುಪಿಸುವವರ ಹೆಸರನ್ನು ಒಂದೇ ಒಂದು ಸಲ ಹೇಳಿದ್ದರೆ ಆ ವಿವರಣೆಗಾರರ ಗಂಟಲೇನೂ ಒಣಗುತ್ತಿರಲಿಲ್ಲ.

"2012 ಮರೆತುಹೋಯಿತೇ?" ಎಂದು ಭಾವ ಕೇಳಿಯೇ ಕೇಳಿದರು. ಮರೆತಿಲ್ಲ. ಸೇನಾ ಮುಖ್ಯಸ್ಥರೇ ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಬಂದಿತ್ತೆಂದು ಹೇಳಿದ್ದು, ಟಟ್ರಾ ಲಾರಿಗಳನ್ನು ಮೂಲ ತಯಾರಕರನ್ನು ಬಿಟ್ಟು ಲಂಡನ್ನಿನ ಕಂಪನಿಯೊಂದರ ಮೂಲಕ ಕೊಂಡರೆಂಬ ಆರೋಪ, ಸಿಬಿಐ ತನಿಖೆ, ಎಲ್ಲವೂ ನೆನಪಿದೆ. ನಮ್ಮ ದೇಶದ ರಸ್ತೆಗಳಿಗೆ ಎಡಬದಿಯ ಸ್ಟೀರಿಂಗ್ ಇರುವ ಲಾರಿಗಳನ್ನೇ ವರ್ಷಗಟ್ಟಲೆ ಪೂರೈಸಿದ್ದಕ್ಕೆ ನನ್ನ ಬಳಿಯೂ ಸಮರ್ಥನೆಯಿಲ್ಲ. ಆದರೆ ಕಡತಕ್ಕೆ ಸಹಿ ಹಾಕುವವರ ಮೇಲಿನ ಅನುಮಾನಕ್ಕೆ ವೆಲ್ಡಿಂಗ್ ಮಾಡುವವನ ಕಾರ್ಖಾನೆಯನ್ನೇ ಮಾರಬೇಕೆಂಬುದು ಯಾವ ಊರಿನ ನ್ಯಾಯ? ಖಾಸಗಿಯವರು ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ ಎನ್ನುವವರಿಗೆ ಒಂದು ಮಾತು. 2020ರ ಆಗಸ್ಟ್‌ನಲ್ಲಿ ಆರು ಪಿನಾಕ ರೆಜಿಮೆಂಟ್‌ಗಳಿಗಾಗಿ ಸುಮಾರು 2,580 ಕೋಟಿ ರೂಪಾಯಿಗಳ ಒಪ್ಪಂದಗಳಾದಾಗ, ಟಾಟಾ ಮತ್ತು ಎಲ್ ಅಂಡ್ ಟಿಯಂಥ ದೊಡ್ಡ ಖಾಸಗಿ ಸಂಸ್ಥೆಗಳೂ ಅದರಲ್ಲಿದ್ದವು. ವಾಹನ ಒದಗಿಸುವ ಹೊಣೆ ಬಂದದ್ದು ಬಿಇಎಂಎಲ್‌ಗೆ.

ಮರುವರ್ಷ ಜನವರಿಯಲ್ಲಿ ಕೇಂದ್ರ ಸರ್ಕಾರ ಇದೇ ಕಂಪನಿಯ ಶೇ 26ರಷ್ಟು ಪಾಲನ್ನು ಆಡಳಿತದ ಹಿಡಿತದ ಸಮೇತ ಮಾರುವುದಾಗಿ ಆಸಕ್ತರನ್ನು ಕರೆಯಿತು. ಹೆಚ್ಚುವರಿ ಭೂಮಿಯನ್ನೆಲ್ಲ ಬೇರ್ಪಡಿಸಿ ಅದಕ್ಕೆಂದೇ ಪ್ರತ್ಯೇಕ ಕಂಪನಿ ಮಾಡಿ, 2023ರಲ್ಲಿ ಷೇರುಪೇಟೆಗೂ ಬಿಟ್ಟರು. ಲಾರಿ ಯಾರ ಕಣ್ಣಿಗೂ ಕಾಣದಿದ್ದರೂ ನೆಲ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತದೆ!

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದಾಗ ನಮ್ಮ ಊರು ಏನಾಯಿತೆಂದು ಕಂಡವರು ಈ "ಮಾರಿಬಿಡಿ" ಎಂಬ ಮಾತನ್ನು ಉಪ್ಪಿಟ್ಟಿನ ಜೊತೆ ಆಡುವುದಿಲ್ಲ. ಅದೂ ಸರ್ಕಾರದ್ದೇ ಕಂಪನಿಯಾಗಿತ್ತು. ನಸುಕಿನಲ್ಲೇ ಊಟದ ಡಬ್ಬಿ ಹಿಡಿದು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರನ್ನು ಒಮ್ಮೆ ಕೇಳಿ ನೋಡಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ಹುಳುಕನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ನಾನು "ನಮ್ಮಪ್ಪ ಕ್ಷಿಪಣಿ ಮಾಡುತ್ತಾರೆ" ಎಂದು ಬೊಗಳೆ ಬಿಡುತ್ತಿದ್ದೆ. ಲಾರಿ ಎನ್ನಲು ನಾಚಿಕೆ. ಐಟಿಐ ಮುಗಿಸಿದಾಗ ಅಪ್ಪ ಅಲ್ಲಿಯ ಅಪ್ರೆಂಟಿಸ್ ಅರ್ಜಿ ತಂದುಕೊಟ್ಟರು. ಕಡೆಯ ದಿನ ಕಳೆಯುವವರೆಗೆ ಅದನ್ನು ಹಾಸಿಗೆಯಡಿ ಬಚ್ಚಿಟ್ಟು, ಕಳೆದುಹೋಯಿತು ಎಂದೆ. ಅವರು ನಂಬಲಿಲ್ಲ, ಬೈಯಲೂ ಇಲ್ಲ.

ಮೊನ್ನೆ ಮೆರವಣಿಗೆ ಮುಗಿದ ಮೇಲೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಫೋನ್ ಮಾಡಿ, ಭಾವನವರ ಮಾತನ್ನೂ ವಿವರಣೆಗಾರರ ಮೌನವನ್ನೂ ಸೇರಿಸಿ ಅಪ್ಪನ ಮುಂದೆ ದೂರು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿತ್ತು ಕಣೋ, ನೋಡಲಾಗಲಿಲ್ಲ ಎಂದರು. ಆಮೇಲೆ, "ಸ್ಟೀರಿಂಗ್ ಯಾವ ಕಡೆಗಿತ್ತು?" ಎಂದು ಕೇಳಿದರು.

ನಾನು ನೋಡಿರಲಿಲ್ಲ.