ಸತ್ಯಾಂಶ: ರಷ್ಯದ ಆಧುನಿಕ ಕಾವ್ಯ 1917ರ ಕ್ರಾಂತಿಯ ಕೂಸೇ?

ಕ್ರಾಂತಿಯಿಂದಲೇ ರಷ್ಯದ ಆಧುನಿಕ ಕಾವ್ಯ ಹುಟ್ಟಿತು, ಮಯಕೋವ್‌ಸ್ಕಿ ಅದರ ಮೊದಲ ಕವಿ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ತಪ್ಪು. ಸಿಂಬಲಿಸಂ, ಅಕ್ಮೆಯಿಸಂ, ಫ್ಯೂಚರಿಸಂ ಎಂಬ ಮೂರು ಮುಖ್ಯ ಪಂಥಗಳೂ ಕ್ರಾಂತಿಗೆ ಮೊದಲೇ ರೂಪುಗೊಂಡಿದ್ದವು.

ಬ್ರ್ಯೂಸೊವ್ ಸಿಂಬಲಿಸ್ಟ್ ಕವಿತೆಗಳ ಕಿರುಸಂಕಲನಗಳನ್ನು ತಂದದ್ದು 1894–95ರಲ್ಲಿ. ಆ ಪಂಥಕ್ಕೆ ಪದವೆಂದರೆ ಕಾಣದ ಲೋಕದ ಸುಳಿವು. ಅದರ ಮಂಜಿನಿಂದ ಹೊರಬರಲು ಗುಮಿಲ್ಯೊವ್, ಗೊರೊದೆತ್‌ಸ್ಕಿ 1911ರಲ್ಲಿ ‘ಕವಿಗಳ ಕಮ್ಮಟ’ ಕಟ್ಟಿದರು. 1913ರ ಆರಂಭದಲ್ಲಿ ಈ ಗುಂಪಿನಿಂದ ಹೊಮ್ಮಿದ ಅಕ್ಮೆಯಿಸಂನ ಪ್ರಣಾಳಿಕೆಗಳು ಅಚ್ಚಾದವು. ಅಖ್ಮಾತೊವಾ, ಮಂದೆಲ್‌ಷ್ಟಾಮ್ ಇಲ್ಲಿಯವರು: ಕೈಗವಸು, ಕಲ್ಲು, ಮೆಟ್ಟಿಲುಗಳಂಥ ಮುಟ್ಟಿ ನೋಡಬಹುದಾದ ವಸ್ತುಗಳಲ್ಲೇ ಭಾವವನ್ನು ಹಿಡಿದವರು. ಮಯಕೋವ್‌ಸ್ಕಿ, ಖ್ಲೆಬ್ನಿಕೊವ್ ಮೊದಲಾದ ಫ್ಯೂಚರಿಸ್ಟರು ಪುಷ್ಕಿನ್, ಟಾಲ್‌ಸ್ಟಾಯ್‌ರನ್ನು ಆಧುನಿಕತೆಯ ಹಡಗಿನಿಂದಾಚೆ ಎಸೆಯಿರೆಂದು ಸಾರಿದ್ದು 1912ರ ಕೊನೆಗೆ.

ಗೊಂದಲಕ್ಕೆ ಒಂದು ಕಾರಣ, ಕ್ರಾಂತಿಯನ್ನೇ ಕುರಿತ, ಹೆಚ್ಚು ಪ್ರಸಿದ್ಧವಾದ ‘ಹನ್ನೆರಡು ಮಂದಿ’ 1918ರ ಕವಿತೆ. ಆದರೆ ಅದನ್ನು ಬರೆದ ಬ್ಲೋಕ್ ಅಷ್ಟರಲ್ಲಾಗಲೇ ಸಿಂಬಲಿಸಂನಲ್ಲಿ ಪಳಗಿದ್ದ ಕವಿ.

ಓದುವಾಗ ಪ್ರತಿ ಕವಿತೆಗೂ ಬರೆದ ವರ್ಷ, ಅಚ್ಚಾದ ವರ್ಷ ಎರಡನ್ನೂ ಗುರುತು ಹಾಕಿಕೊಳ್ಳಿ. ಅಚ್ಚಿನ ವರ್ಷವನ್ನಷ್ಟೇ ನಂಬಿದರೆ ಕಾಲಕ್ರಮ ಕೆಡುತ್ತದೆ. ಸ್ಟಾಲಿನ್ ಕಾಲದ ದಮನವನ್ನು ಕುರಿತ ಅಖ್ಮಾತೊವಾರ ಕವಿತಾಮಾಲೆ ‘ರೆಕ್ವಿಯೆಮ್’ನ ಬಹುಭಾಗ 1930ರ ದಶಕದ ಕೊನೆಯದು, ಬರಹದಲ್ಲಿ ಇಟ್ಟುಕೊಂಡರೆ ಅಪಾಯವೆಂದು ಗೆಳತಿಯರು ಬಾಯಿಪಾಠ ಮಾಡಿ ಉಳಿಸಿದರು. ಅದು 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯಿತು, ಸೋವಿಯತ್ ನೆಲದಲ್ಲಿ 1987ರಲ್ಲಿ. ಇನ್ನು 1918ರ ಫೆಬ್ರವರಿಗೆ ಮುಂಚಿನ ರಷ್ಯನ್ ದಿನಾಂಕಗಳು ಹಳೆಯ ಪಂಚಾಂಗದವು: ಇಂದಿನ ಪಂಚಾಂಗಕ್ಕೆ ತರಲು 20ನೇ ಶತಮಾನದವಕ್ಕೆ 13 ದಿನ ಕೂಡಿಸಬೇಕು, 19ನೆಯದಕ್ಕೆ 12.

ಕ್ರಾಂತಿ ಈ ಕಾವ್ಯವನ್ನು ಬದಲಿಸಿದ್ದು ನಿಜ, ಕ್ರೂರವಾಗಿಯೂ. ಗುಮಿಲ್ಯೊವ್‌ನನ್ನು 1921ರ ಆಗಸ್ಟ್‌ನಲ್ಲಿ ಗುಂಡಿಕ್ಕಿ ಕೊಂದರು. ಮಂದೆಲ್‌ಷ್ಟಾಮ್ 1938ರಲ್ಲಿ ಸೆರೆಶಿಬಿರದಲ್ಲಿ ತೀರಿಕೊಂಡ.