ಸತ್ಯಾಂಶ: ಯೂರಿ ಬೆಜ್ಮೆನೋವ್ ಮತ್ತು ಮನಶ್ಶಾಸ್ತ್ರ
ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಉನ್ನತ ಗೂಢಚಾರರೊಬ್ಬರು ಪಶ್ಚಿಮಕ್ಕೆ ಓಡಿಹೋಗಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು ಎಂಬ ಒಕ್ಕಣೆಯೊಂದಿಗೆ ಯೂರಿ ಬೆಜ್ಮೆನೋವ್ ಅವರ ವಿಡಿಯೊ ಹರಿದಾಡುತ್ತಿರುತ್ತದೆ. ವ್ಯಕ್ತಿ ನಿಜ, ವಿವರಣೆ ಅಲ್ಲ. ಮಾಸ್ಕೋದಲ್ಲಿ ಪೌರಸ್ತ್ಯ ಭಾಷೆಗಳನ್ನು ಕಲಿತ ಅವರು ಸೋವಿಯತ್ ಸುದ್ದಿಸಂಸ್ಥೆ ನೊವೊಸ್ತಿಯ ಪತ್ರಕರ್ತರಾಗಿದ್ದರು. ಕೆಜಿಬಿಗಾಗಿ ಕೆಲಸ ಮಾಡಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. 1970ರಲ್ಲಿ ಹಿಪ್ಪಿಯ ವೇಷ ತೊಟ್ಟು ದೆಹಲಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ಅವರು ಟೊರಾಂಟೊದಲ್ಲಿ ಓದಿದ್ದು ರಾಜ್ಯಶಾಸ್ತ್ರವನ್ನು. ಬಳಿಕ ದುಡಿದದ್ದು ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ವಿದೇಶಿ ಪ್ರಸಾರದಲ್ಲಿ. ಕೆಜಿಬಿಯ ಶೇ 85ರಷ್ಟು ಹಣ, ಸಮಯ, ಜನಬಲ ಸೈದ್ಧಾಂತಿಕ ಬುಡಮೇಲಿಗೆ (ಜನರ ಆಲೋಚನೆಯನ್ನೇ ಬದಲಿಸಿ ದೇಶವನ್ನು ಒಳಗಿನಿಂದ ದುರ್ಬಲಗೊಳಿಸುವುದಕ್ಕೆ) ಮೀಸಲಾಗಿತ್ತು ಎಂಬ ಪ್ರಸಿದ್ಧ ಮಾತು 1984ರ ಸಂದರ್ಶನದಲ್ಲಿ ಅವರು ಹೇಳಿದ ಅಂದಾಜೇ ಹೊರತು ಕಡತದಿಂದ ತೆಗೆದ ಲೆಕ್ಕವಲ್ಲ. ಹಾಗೆಂದು ಕೆಜಿಬಿ ಸುಳ್ಳು ಹಬ್ಬಿಸಲಿಲ್ಲವೆಂದಲ್ಲ: ಏಡ್ಸ್ ಅಮೆರಿಕದ ಸೃಷ್ಟಿ ಎಂದು ಸಾರಿದ, 1983ರಲ್ಲಿ ದೆಹಲಿಯ ಪೇಟ್ರಿಯಟ್ ಪತ್ರಿಕೆಯಲ್ಲಿ ಅಚ್ಚಾದ ಅನಾಮಧೇಯ ಪತ್ರ ಅದಕ್ಕೆ ನಿದರ್ಶನ.