ಮೀಡಿಯನ್ ಮಹಾತ್ಮೆ

ಅಮೆರಿಕದಲ್ಲಿ ಒಂದು ಲಾ ಕಾಲೇಜು ಎಷ್ಟು ಒಳ್ಳೆಯದು ಅಂತ ತಿಳಿಯಲು ಅಲ್ಲಿನ ಪಾಠ ಕೇಳಬೇಕಿಲ್ಲ. ಪಾಠ ಶುರುವಾಗುವ ಮುಂಚೆಯೇ ತಿಳಿದುಬಿಡುತ್ತದೆ. ಸೇರಿದ ಹುಡುಗರು ಇನ್ಯಾವುದೋ ಕಾಲೇಜಿನಲ್ಲಿ ಡಿಗ್ರಿ ಓದುವಾಗ ತೆಗೆದ ಜಿಪಿಎ (ಗ್ರೇಡುಗಳ ಸರಾಸರಿ) ಎಷ್ಟು, ಲಾ ಪ್ರವೇಶಕ್ಕೆ ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಬಂದ ಅಂಕ ಎಷ್ಟು, ಅಷ್ಟು ನೋಡಿದರೆ ಸಾಕು. ಯುಎಸ್ ನ್ಯೂಸ್ ಪತ್ರಿಕೆ ಪ್ರತಿ ವರ್ಷ ಕೊಡುವ ರ‍್ಯಾಂಕಿನಲ್ಲಿ ಬಹುಕಾಲ ಐದನೇ ಒಂದು ಪಾಲು ತೂಕ ಇವೆರಡಕ್ಕೇ ಇತ್ತು. ಮದುವೆ ಊಟ ಹೇಗಿತ್ತು ಅಂತ ಕೇಳಿದರೆ, ಛತ್ರದ ಮುಂದೆ ನಿಂತ ಕಾರು ಎಣಿಸಿ ಹೇಳಿದ ಹಾಗೆ.

ಲೆಕ್ಕಕ್ಕೆ ಬರುವುದು ಸರಾಸರಿ ಅಲ್ಲ, ಮೀಡಿಯನ್. ಎಲ್ಲರನ್ನೂ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಜಿಪಿಎಗೊಂದು ಸಾಲು, ಎಲ್‌ಸ್ಯಾಟ್‌ಗೊಂದು ಸಾಲು. ನಟ್ಟನಡುವೆ ನಿಂತವನ ಅಂಕವೇ ಕಾಲೇಜಿನ ಅಂಕ. ಇದರ ಮಜಾ ನೋಡಿ. ಎಲ್‌ಸ್ಯಾಟ್ ಮೀಡಿಯನ್ 168 ಇರುವ ಕಡೆ 167 ತೆಗೆದವನೂ ಕೆಳಗೆ, 150 ತೆಗೆದವನೂ ಕೆಳಗೆ. ಇಬ್ಬರೂ ಮಾಡುವ ನಷ್ಟ ಒಂದೇ. ಹಾಗಾಗಿ ಎಲ್‌ಸ್ಯಾಟ್ ಜೋರಾಗಿ ಬರೆದು ಡಿಗ್ರಿಯಲ್ಲಿ ನಿದ್ದೆ ಮಾಡಿದವನಿಗೆ ಸೀಟು ಸಿಗಬಹುದು. ಡಿಗ್ರಿಯಲ್ಲಿ ಮಿಂಚಿ ಎಲ್‌ಸ್ಯಾಟ್‌ನಲ್ಲಿ ಮುಗ್ಗರಿಸಿದವನಿಗೂ ಸಿಗಬಹುದು. ಎರಡರಲ್ಲೂ ಒಂದು ಕೂದಲೆಳೆ ಕಡಿಮೆ ಇರುವ ಪಾಪದ ಹುಡುಗ ಇದ್ದಾನಲ್ಲ, ಅವನೇ ಅಪಾಯಕಾರಿ. ಅವನನ್ನು ಬಾಗಿಲಲ್ಲೇ ತಡೆಯಬೇಕು. ತಡೆದರೂ ಒಂದು ದಾರಿ ಉಂಟು. ಮೊದಲ ವರ್ಷ ಬೇರೆ ಕಡೆ ಓದಿ ಎರಡನೇ ವರ್ಷಕ್ಕೆ ಬಂದರೆ ಅವನ ಹಳೆಯ ಅಂಕವನ್ನು ರ‍್ಯಾಂಕಿನ ಲೆಕ್ಕಕ್ಕೆ ಯಾರೂ ಕೇಳುವುದಿಲ್ಲ. ಫೀಸು ಮಾತ್ರ ಕೇಳುತ್ತಾರೆ.

ಫೀಸಿನ ಲೆಕ್ಕವೂ ಚೆನ್ನಾಗಿದೆ. ಮೀಡಿಯನ್ ಎತ್ತುವವರಿಗೆ ಸ್ಕಾಲರ್‌ಶಿಪ್. ಎತ್ತಲಾಗದವರು ಸಾಲ ಮಾಡಿ ಪೂರ್ತಿ ಕಟ್ಟುತ್ತಾರೆ. ಪಕ್ಕದಲ್ಲಿ ಕೂತವನ ರಿಯಾಯಿತಿಗೂ ಅದರಲ್ಲೇ ಒಂದಿಷ್ಟು ಹೋಗುತ್ತದೆ. ಧರ್ಮಕಾರ್ಯ ಅಲ್ವಾ?

ಇಲಿನಾಯ್ ವಿಶ್ವವಿದ್ಯಾಲಯದ ಲಾ ಕಾಲೇಜು ಇಷ್ಟೆಲ್ಲ ಕಷ್ಟಪಡಲಿಲ್ಲ. 2011ರಲ್ಲಿ ಹೊಸ ತರಗತಿಯ ಎಲ್‌ಸ್ಯಾಟ್ ಮೀಡಿಯನ್ 168 ಅಂತ ಹೇಳಿಕೊಂಡಿತ್ತು. ತನಿಖೆ ಮಾಡಿದಾಗ ಸಿಕ್ಕಿದ್ದು 163. ಅದಕ್ಕೂ ಮುಂಚೆ ಅಲ್ಲಿ ಇನ್ನೊಂದು ಚಂದದ ಯೋಜನೆ ಇತ್ತು. ಸ್ವಂತ ವಿಶ್ವವಿದ್ಯಾಲಯದಲ್ಲೇ ಡಿಗ್ರಿ ಓದುತ್ತಿದ್ದು, ಜಿಪಿಎ ಗಟ್ಟಿ ಇದ್ದರೆ ಎಲ್‌ಸ್ಯಾಟ್ ಇಲ್ಲದೆ ಲಾ ಸೀಟು. ಪ್ರತಿಭೆಗೆ ಮನ್ನಣೆ ಅಂತ ನಾವು ನೀವು ಅಂದುಕೊಳ್ಳುತ್ತಿದ್ದೆವು. ಆದರೆ ಅಡ್ಮಿಷನ್ ನೋಡಿಕೊಳ್ಳುತ್ತಿದ್ದ ಅಧಿಕಾರಿ ಇಮೇಲ್‌ನಲ್ಲಿ ನಿಜ ಬರೆದುಬಿಟ್ಟಿದ್ದ. ಜಿಪಿಎ ಜೋರಾಗಿರುವ, ಎಲ್‌ಸ್ಯಾಟ್ ಅಂಕವೇ ಇಲ್ಲದ ಒಂದಿಪ್ಪತ್ತು ಮಕ್ಕಳನ್ನು ಬಲೆಗೆ ಹಾಕಿಕೊಳ್ಳಬಹುದು, ಮೀಡಿಯನ್‌ಗೆ ಧಕ್ಕೆ ಇಲ್ಲ ಅನ್ನುವುದು ಅದರ ಸಾರ. ‘ಮಕ್ಕಳು’ ಅನ್ನುವ ಜಾಗದಲ್ಲಿ ಅವನು ಬಳಸಿದ್ದು ಒಂದು ಬೈಗುಳ, ಇಲ್ಲಿ ಬೇಡ ಬಿಡಿ. 2012ರಲ್ಲಿ, ಲಾ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಛೀಮಾರಿ ಹಾಕಿ 2,50,000 ಡಾಲರ್ ದಂಡ ವಿಧಿಸಿತು. ಸತ್ಯ, ನ್ಯಾಯ, ಸಾಕ್ಷ್ಯ ಅಂತ ಪಾಠ ಮಾಡುವ ಜಾಗ ಇದು.

ಬಿಸಿನೆಸ್ ಸ್ಕೂಲ್‌ಗಳು ಸುಮ್ನೆ ಇರುತ್ತವೆಯೇ? ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಆನ್‌ಲೈನ್ ಎಂಬಿಎ 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ದೇಶಕ್ಕೇ ಮೊದಲು. ಸೇರಿದ ಎಲ್ಲರೂ ಬಿಸಿನೆಸ್ ಸ್ಕೂಲ್ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಅಂಕ ಕೊಟ್ಟಿದ್ದಾರೆ ಅಂತ ಪತ್ರಿಕೆಗೆ ವರದಿ. ಕೊಟ್ಟವರು ಹೆಚ್ಚೆಂದರೆ ಐದರಲ್ಲಿ ಒಬ್ಬರು. 2022ರಲ್ಲಿ ಅಲ್ಲಿನ ಮಾಜಿ ಡೀನ್‌ಗೆ 14 ತಿಂಗಳು ಜೈಲು, ಜೊತೆಗೆ 2,50,000 ಡಾಲರ್ ದಂಡ. ಇಲ್ಲೂ ಅಷ್ಟೇ ಮೊತ್ತ. ದಂಡಕ್ಕೂ ಒಂದು ಮೀಡಿಯನ್ ಇರಬೇಕು.

ನಮ್ಮವರಿಗೆ ಇದರಲ್ಲಿ ವಿಶೇಷ ಮರ್ಯಾದೆ ಇದೆ. ಬೆಂಗಳೂರಿನಲ್ಲಿ ಡಿಗ್ರಿ ಮುಗಿಸಿ ಅಲ್ಲಿ ಲಾ ಓದಲು ಹೊರಟರೆ, ಎಲ್‌ಸ್ಯಾಟ್ ನಡೆಸುವ ಸಂಸ್ಥೆ ನಿಮ್ಮ ಮಾರ್ಕ್ಸ್ ಕಾರ್ಡನ್ನು ಜಿಪಿಎ ಮಾಡುವುದಿಲ್ಲ. ಉತ್ತಮ, ಸಾಧಾರಣ ಅನ್ನುವಂಥ ಒಂದು ಪದ ಬರೆದು ಕಳಿಸುತ್ತದೆ. ಪದವನ್ನು ಸಾಲಿನಲ್ಲಿ ನಿಲ್ಲಿಸಲು ಆಗುವುದಿಲ್ಲವಲ್ಲ. ಹಾಗಾಗಿ ಚಿನ್ನದ ಪದಕ ತಂದರೂ ಜಿಪಿಎ ಮೀಡಿಯನ್ ಮಿಸುಕುವುದಿಲ್ಲ, 35 ಅಂಕದಲ್ಲಿ ಪಾಸಾದರೂ ಮಿಸುಕುವುದಿಲ್ಲ. ಇಷ್ಟು ನಿಷ್ಪಕ್ಷಪಾತ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇಲ್ಲ.

ಕೊನೆಗೆ 2022ರ ನವೆಂಬರ್‌ನಲ್ಲಿ, ವರ್ಷ ವರ್ಷವೂ ಮೊದಲ ಸ್ಥಾನದಲ್ಲೇ ಕೂತಿದ್ದ ಯೇಲ್ ಲಾ ಕಾಲೇಜಿಗೆ ಈ ಪದ್ಧತಿ ಸರಿಯಿಲ್ಲ ಅಂತ ಹೊಳೆಯಿತು. ಇನ್ನು ಮಾಹಿತಿ ಕೊಡುವುದಿಲ್ಲ ಅಂದಿತು. ಅದೇ ದಿನ ಹಾರ್ವರ್ಡ್ ಕೂಡ ಎದ್ದಿತು. ಹಿಂದೆಯೇ ಒಂದು ದಂಡು ಹೊರಟಿತು. ಪತ್ರಿಕೆ ಅಂಕಗಳ ತೂಕವನ್ನು ಅರ್ಧದಷ್ಟು ಇಳಿಸಿತು. ಬಾರ್ ಅಸೋಸಿಯೇಷನ್‌ಗೆ ಕಾಲೇಜುಗಳು ಹೇಗೂ ಕೊಡಲೇಬೇಕಾದ ಅಂಕಿಅಂಶಗಳನ್ನು ಎತ್ತಿಕೊಂಡು, ಮಾಹಿತಿ ಕೊಡದವರಿಗೂ ರ‍್ಯಾಂಕ್ ಕೊಟ್ಟಿತು. 2023ರ ಪಟ್ಟಿಯಲ್ಲಿ ಯೇಲ್‌ಗೆ ಮತ್ತೆ ಮೊದಲ ಸ್ಥಾನವೇ. ಪ್ರತಿಭಟನೆಗೆ ಶಿಕ್ಷೆ ಅಂದರೆ ಇಷ್ಟೇ: ಈ ಸಲ ಅದನ್ನು ಸ್ಟ್ಯಾನ್‌ಫರ್ಡ್ ಜೊತೆ ಹಂಚಿಕೊಳ್ಳಬೇಕಾಯಿತು.